ಅಕ್ಕೋರು ತುಂಬಿದ ಉಡಿ

ಅಕ್ಕೋರು ಹೋದರು ಎಂದು ಹಳಿಯಾಳದಿಂದ ಫೋನು ಬಂದಾಗ ನಾನು ದಾಂಡೇಲಿ ಸಂತೆಯಲ್ಲಿ ಮೆಂತ್ಯ ಪಲ್ಲೆಯ ಸಿವುಡಿಗಾಗಿ ಜಗಳ ತೆಗೆದು ನಿಂತಿದ್ದೆ. ಪೊಲೀಸ್ ನೌಕರಿಯಿಂದ ನಿವೃತ್ತಿಯಾದರೂ ನನ್ನ ದನಿ ಇನ್ನೂ ಠಾಣೆಯದೇ. ಫೋನಿನಲ್ಲಿ ಆಡಿದ್ದು ಕೇಳಿದ ಮೇಲೆ ಆ ದನಿ ಹೊರಡಲೇ ಇಲ್ಲ. ಪಲ್ಲೆ ಮಾರುವಾಕೆ ಗಾಬರಿಯಾಗಿ, "ತಗೋರಿ ಬಾಯಾರ, ನೀವ ಹೇಳಿದ್ದಕ್ಕ ತಗೋರಿ" ಎಂದಳು. ನಾನು ಚೀಲ ಮಡಚಿಕೊಂಡು ಬಸ್ ನಿಲ್ದಾಣದ ಕಡೆ ನಡೆದೆ.

ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಅವರು ಸಣ್ಣ ಹುಡುಗಿಯ ಮದುವೆಯೊಂದನ್ನು ನಿಲ್ಲಿಸಿದ ಮೇಲೆ ಯಾರೋ ಪತ್ರಿಕೆಯವರು ಫೋಟೋ ತೆಗೆಯಲು ಬಂದಾಗ ಸೆರಗಿನಿಂದ ಮುಖ ಮುಚ್ಚಿಕೊಂಡು, "ಆ ಕೂಸಿನ ಅಪ್ಪನ ಕಣ್ಣಿಗೆ ಇದು ಬಿತ್ತಂದ್ರ ನಾಳೆ ಆ ಮನಿ ಹೊಸ್ತಿಲಾ ಹೆಂಗ ತುಳೀಲಿ ನಾನು? ನಡೀರಿ, ನಡೀರಿ" ಎಂದು ಅವರನ್ನು ಅಟ್ಟಿಬಿಟ್ಟಿದ್ದರು. ಸತ್ತ ಮೇಲೆ ಆ ಮಾತು ಮೀರಲು ನನಗೆ ಮನಸ್ಸಿಲ್ಲ. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಇವರು ಶಾಲೆ ಕಲಿಸುತ್ತಿರಲಿಲ್ಲ, ಅಂಗನವಾಡಿಗಳ ಮೇಲ್ವಿಚಾರಕಿಯಾಗಿದ್ದರು. ಆದರೂ ಹಳಿಯಾಳದ ಹಳ್ಳಿಗಳಿಗೆಲ್ಲ ಅವರು ಅಕ್ಕೋರೇ. ಯಾರಾದರೂ ಮೇಡಂ ಎಂದರೆ ಹಿಂದೆ ಯಾರು ಬಂದರು ಎಂದು ತಿರುಗಿ ನೋಡುತ್ತಿದ್ದರು.

ಗಿಡ್ಡ ದೇಹ, ದಪ್ಪ ಕನ್ನಡಕ, ಹಣೆಯ ಮೇಲೆ ದೊಡ್ಡ ಕೆಂಪು ಬೊಟ್ಟು, ಎರಡೂ ಕೈಗೆ ಹಸಿರು ಗಾಜಿನ ಬಳೆ. ಬಸ್ಸಿನ ಪ್ರಯಾಣ ಅವರಿಗೆ ಒಗ್ಗುತ್ತಿರಲಿಲ್ಲ. ಅರ್ಧ ನೌಕರಿಯನ್ನು ಜೋಯಿಡಾದ ತಿರುವುಗಳಲ್ಲೇ ಕಳೆದವರು, ಅಷ್ಟು ವರ್ಷವೂ ಮೂಗಿಗೆ ಲಿಂಬೆಹಣ್ಣು ಹಿಡಿದುಕೊಂಡೇ ತಿರುಗಿದರು. ಕಂಡಕ್ಟರು ನಕ್ಕರೆ, "ನಗಬ್ಯಾಡೋ ತಮ್ಮಾ, ವಾಂತಿ ಬಂತಂದ್ರ ನಿನ್ನ ಚೀಲಾನ ಹಿಡೀತೇನಿ" ಎನ್ನುತ್ತಿದ್ದರು. ಆಮೇಲೆ ಅವನ ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳು, ಯಾವ ಇಯತ್ತೆ ಎಂದು ಕೇಳಿ ತಿಳಿದುಕೊಂಡು ಇಳಿಯುತ್ತಿದ್ದರು.

ಅವರಿಗೆ ಆಗದ ಒಂದು ಮಾತಿತ್ತು: ಪಾಪ. ಯಾವುದೋ ಹುಡುಗಿಯ ಕಥೆ ಕೇಳಿ ನಾನು ಪಾಪ ಎಂದೆ, ಅಷ್ಟೇ. "ಪಾಪ ಅಂದು ಕೈ ತೊಳಕೊಳ್ಳೋದು ಭಾಳ ಸುಲಭ ಐತಿ ನೋಡವ್ವಾ. ಕೂಸು ಎಲ್ಲೈತಿ, ಉಂಡೈತೋ ಇಲ್ಲೋ, ಅದನ್ನ ಹೇಳು" ಎಂದು ನಡುರಸ್ತೆಯಲ್ಲೇ ಜಬರಿಸಿದರು. ನಾನು ಖಾಕಿ ಹಾಕಿದವಳು, ನನ್ನನ್ನು ಹಾಗೆ ಬೈಯುವ ಧೈರ್ಯ ಆ ತಾಲೂಕಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ನಮ್ಮಿಬ್ಬರನ್ನೂ ಗಂಟು ಹಾಕಿದ್ದು ಕಾಯ್ದೆ. ಹದಿನೆಂಟು ತುಂಬದ ಹುಡುಗಿಯ ಮದುವೆ ನಿಲ್ಲಿಸುವ ಅಧಿಕಾರವನ್ನು ಸರ್ಕಾರ ಯಾರುಯಾರಿಗೆ ಕೊಟ್ಟಿದೆಯೋ ಅವರಲ್ಲಿ ಅಂಗನವಾಡಿ ಮೇಲ್ವಿಚಾರಕಿಯರೂ ಇದ್ದಾರೆ. ಮೇಲಾಗಿ ನಮ್ಮ ರಾಜ್ಯ ಆ ಕಾಯ್ದೆಗೆ ತನ್ನದೇ ಒಂದು ತಿದ್ದುಪಡಿ ಮಾಡಿಕೊಂಡಿದೆ. ಅದರ ಪ್ರಕಾರ ಅಂಥ ಮದುವೆ ನಡೆದರೂ ನಡೆದಂತಲ್ಲ, ಮೊದಲಿನಿಂದಲೇ ಅಸಿಂಧು. ಪೊಲೀಸರು ಯಾರ ದೂರಿಗೂ ಕಾಯಬೇಕಿಲ್ಲ. ಹೀಗಾಗಿ ಎಲ್ಲಿಂದಲಾದರೂ ಸುದ್ದಿ ಬಂದರೆ ಅಕ್ಕೋರು ಠಾಣೆಗೆ ಬರುತ್ತಿದ್ದರು. ಹೆಣ್ಣುಮಕ್ಕಳ ವಿಷಯ ಎಂದು ಸಾಹೇಬರು ನನ್ನನ್ನು ಜೊತೆಗೆ ಕಳಿಸುತ್ತಿದ್ದರು. "ಬಾರವಾ ಪೊಲೀಸವ್ವಾ, ಮದುವಿ ಊಟಕ್ಕ ಹೋಗೂಣು" ಎನ್ನುತ್ತಿದ್ದರು ಅಕ್ಕೋರು. ಮೊದಲ ಸಲ ಅದನ್ನು ಚೇಷ್ಟೆ ಎಂದುಕೊಂಡಿದ್ದೆ.

ಚೇಷ್ಟೆಯಲ್ಲ. ಆ ಮೊದಲ ಮದುವೆ ನಿಂತಾಗ ಚಪ್ಪರದಲ್ಲಿ ಗದ್ದಲ, ಬೈಗುಳ, ಗಂಡಿನ ಕಡೆಯವರು ಟ್ರ್ಯಾಕ್ಟರ್ ಹತ್ತಿ ಹೊರಟಿದ್ದರು. ಹುಡುಗಿಯ ಅಪ್ಪನಿಂದ, ಹದಿನೆಂಟು ತುಂಬುವವರೆಗೆ ಮಗಳ ಮದುವೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡಾಗಿತ್ತು. ಇನ್ನು ಜಾಗ ಖಾಲಿ ಮಾಡಿದರೆ ಸಾಕು ಎಂದು ನಾನು ಜೀಪಿನ ಕಡೆ ನೋಡುತ್ತಿದ್ದೆ. ಅಕ್ಕೋರು ಚಪ್ಪಲಿ ಬಿಟ್ಟು ಸೀದಾ ಅಡಿಗೆಯ ಒಲೆಯ ಬಳಿಗೆ ಹೋದರು. ಹಂಡೆಯ ಮುಚ್ಚಳ ತೆಗೆದು, "ಗೋದಿ ಹುಗ್ಗಿ ಮಾಡೀರಿ? ಇಷ್ಟು ಮಂದಿ ಬಂದಾರ, ಯಾಕ ಉಪವಾಸ ಕಳಸ್ತೀರಿ? ಎಲಿ ಹಾಕ್ರಿ" ಎಂದರು. ಯಾರೂ ಅಲ್ಲಾಡಲಿಲ್ಲ. ಅವರೇ ಹೋಗಿ ಪಂಕ್ತಿಯ ಮೊದಲ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಕೂತು, "ಏ ಪೊಲೀಸವ್ವಾ, ನಿಂತೀ ಯಾಕ? ಟೊಪಗಿ ತಗದು ಬಾ ಇಲ್ಲೆ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮದುವೆ ಮುರಿದ ಮನೆಯಲ್ಲಿ, ಮುರಿದವರೇ ಕೂತು ಹುಗ್ಗಿ ಉಣ್ಣುವುದೆಂದರೇನು! ಆದರೆ ಹುಡುಗಿಯ ತಾಯಿ ಒಳಗಿಂದ ಬಂದು, ಅಳುತ್ತಲೇ ಅಕ್ಕೋರ ಎಲೆಗೆ ತುಪ್ಪ ಹಾಕಿದಳು. ಆಮೇಲೆ ಒಬ್ಬೊಬ್ಬರಾಗಿ ಊರಿನವರೂ ಕೂತರು. ಜೀಪಿನಲ್ಲಿ ನಾನು ಮುಖ ಊದಿಸಿಕೊಂಡಿದ್ದಾಗ ಅಕ್ಕೋರು, "ಆ ತಾಯಿ ನಾಳೆ ನೀರಿಗೆ ಹೋದಾಗ ಊರಿನ ಮಂದಿ ಏನಂತಾರ? ಮಾಡಿದ ಅಡಿಗಿ ತಿಪ್ಪಿಗಿ ಹೋತು ಅಂತಾರ. ಈಗ ಅನ್ನೂದಿಲ್ಲ. ಮತ್ತ ಆ ಮನ್ಯಾಗಿನ ಉಪ್ಪು ಉಂಡಾಕಿ ನಾನೀಗ. ಬೇಕಾದಾಗ ಹೋಗಿ ಬಾಗಲಾ ಬಡೀತೇನಿ, ಕೂಸು ಶಾಲಿಗಿ ಹೋಗತೈತೇನು ಅಂತ ಕೇಳ್ತೇನಿ. ಯಾರು ಬ್ಯಾಡ ಅಂತಾರ?" ಎಂದರು. ಹೇಳಿದಂತೆ ಮಾಡಿದರು ಕೂಡ. ಉಂಡ ಮನೆಗಳನ್ನು ಅವರು ಬಿಡಲೇ ಇಲ್ಲ. ಹಬ್ಬಕ್ಕೆ, ಶ್ರಾವಣದ ಸೋಮವಾರಕ್ಕೆ, ಏನೂ ಇಲ್ಲದಿದ್ದರೆ ಮಜ್ಜಿಗೆ ಕುಡಿಯಲೆಂದು ಹೋಗಿ, ಹುಡುಗಿ ಮನೆಯಲ್ಲೇ ಇದ್ದಾಳೆಂದು ಕಣ್ಣಾರೆ ಕಂಡು ಬರುತ್ತಿದ್ದರು.

ಅವರ ಸ್ವಂತದ ವಿಷಯ ನನಗೆ ಗೊತ್ತಾದದ್ದು ಕುಂಬಾರವಾಡದಲ್ಲಿ. ಅಲ್ಲಿಯ ಶಾಲೆಯ ಮಕ್ಕಳಿಗೆ ಕಾಯ್ದೆಯ ಬಗ್ಗೆ ಹೇಳಲು ಇಬ್ಬರೂ ಹೋಗಿದ್ದೆವು. ಮಧ್ಯಾಹ್ನದ ಬಸ್ಸು ಬರಲಿಲ್ಲ. ಆ ಊರಲ್ಲಿ ಬಸ್ಸು ಬಾರದಿದ್ದರೆ ಯಾರನ್ನೂ ಕೇಳುವಂತಿಲ್ಲ, ಕೂತಿರುವುದೊಂದೇ ಕೆಲಸ. ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾ ನಾನು, "ಅಕ್ಕೋರ, ನಿಮ್ಮ ಮನಿಯವರು ಎಲ್ಲಿರ್ತಾರ್ರಿ?" ಎಂದು ಕೇಳಿದೆ. ಮಾತಿಗೆ ಮಾತು ಅಷ್ಟೇ.

"ಇಲ್ಲ" ಎಂದರು. ಕಡಲೆಕಾಯಿಯ ಸಿಪ್ಪೆ ಜಾಡಿಸಿ, "ನಾ ಹದಿನಾರಕ್ಕ ಮದುವಿ ಆದಾಕಿ, ಮುಂಡಗೋಡದಾಗ. ಮೂರನೇ ವರ್ಷ ಹಾವು ಕಡದು ಸತ್ತ. ಅತ್ತಿ ನನ್ನ ಬಳಿ ಒಡದ್ಲು, ಕುಂಕುಮಾ ಒರಸಿದ್ಲು. ಮುಂದ ಅಣ್ಣ ಶಾಲಿ ಕಲಿಸಿದ, ಅಂಗನವಾಡಿ ಸೇರಿಕೊಂಡ್ನಿ, ಪರೀಕ್ಷಾ ಬರದು ಮ್ಯಾಲೆ ಬಂದ್ನಿ" ಎಂದರು.

ನಾನು ಅವರ ಬೊಟ್ಟನ್ನೂ ಬಳೆಯನ್ನೂ ನೋಡುತ್ತಿದ್ದದ್ದು ಅವರಿಗೆ ಗೊತ್ತಾಯಿತು. ನಕ್ಕರು. "ಈ ಕಡೆ ವರ್ಗ ಆದ ದಿನ ಹಳಿಯಾಳ ಪ್ಯಾಟ್ಯಾಗ ಇಳದು ನಾನ ಕೊಂಡ್ನಿ. ಬಳಿಗಾರ ಕೈ ಹಿಡದು ಇಟ್ಟ. ಇಲ್ಲೆ ಯಾರಿಗಿ ಗೊತ್ತೈತಿ? ಯಾರರೆ ಕೇಳಿದ್ರ ಹೇಳ್ತಿದ್ನಿ. ಯಾರೂ ಕೇಳಲಿಲ್ಲ."

ಹಾಗೆಂದು ಅವರು ಆ ಸುಳ್ಳನ್ನು ಎಲ್ಲ ಕಡೆ ನಡೆಸುತ್ತಿರಲಿಲ್ಲ. ಆಮೇಲೆ ಗಮನವಿಟ್ಟು ನೋಡಿದೆ. ಮನೆಗಳಲ್ಲಿ ಅರಿಸಿನ ಕುಂಕುಮದ ತಟ್ಟೆ ಬರುವ ಹೊತ್ತಿಗೆ ಅಕ್ಕೋರಿಗೆ ಯಾವಾಗಲೂ ಒಂದು ಫೋನು ಬರುತ್ತಿತ್ತು, ಅಂಗಳಕ್ಕೆ ಹೋಗಿಬಿಡುತ್ತಿದ್ದರು. ಬೇರೆಯವರ ಮನೆಯ ಶುಭದಲ್ಲಿ ತನ್ನ ಕೈ ತಾಗಿಸಬಾರದು ಎಂಬ ಹೆದರಿಕೆ ಅವರೊಳಗೂ ಕೂತಿತ್ತು. ಅಷ್ಟು ಓದಿದ, ಅಷ್ಟು ಜೋರಿನ ಹೆಂಗಸು, ಅದೊಂದನ್ನು ಕಿತ್ತು ಹಾಕಲು ಆಗಿರಲಿಲ್ಲ. ನನಗೆ ಸಿಟ್ಟೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಇಷ್ಟು ಹೇಳಿದ ಮೇಲೆ ಆ ಹುಡುಗಿಯ ಸಂಗತಿಗೆ ಬರಬೇಕು. ಹಳಿಯಾಳದ ಹತ್ತಿರದ ಒಂದು ಹಳ್ಳಿ. ಈಶ್ವರನ ಗುಡಿಯ ಎದುರಿಗೇ ಮನೆ, ಭತ್ತ ಗೋವಿನಜೋಳ ಬೆಳೆಯುವ ಒಳ್ಳೆಯ ಮನೆತನ. ಹುಡುಗಿಗೆ ಹದಿನೈದು, ಹತ್ತನೇ ಇಯತ್ತೆ. ಗಂಡಿನವರು ದೂರದ ಸಂಬಂಧಿಕರೇ, ಗೋವೆಯ ಫೋಂಡಾದಲ್ಲಿ ಕಾಯಿಪಲ್ಯದ ವ್ಯಾಪಾರ. ನಾವು ಹೋದಾಗ ಹುಡುಗಿಗೆ ಅರಿಸಿನ ಹಚ್ಚಿಯಾಗಿತ್ತು. ಅಪ್ಪ ಜಗಳ ಮಾಡಲಿಲ್ಲ. ಗಂಡಿನ ಕಡೆಯವರೂ ಸಿಟ್ಟಾಗಿ ಎದ್ದು ಹೋಗಲಿಲ್ಲ, ಚಪ್ಪರದ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ಇಷ್ಟು ಸುರಳೀತ ಒಂದು ಮದುವೆಯೂ ನಿಂತಿರಲಿಲ್ಲ. ಪೊಲೀಸ್ ಬುದ್ಧಿಗೆ ಆಗಲೇ ಮೂಗು ಚುರುಗುಟ್ಟಬೇಕಿತ್ತು.

ಮುಚ್ಚಳಿಕೆಗೆ ಸಹಿಯಾದ ಮೇಲೆ ಹುಡುಗಿಯ ಅಜ್ಜಿ ಬಂದು ಅಕ್ಕೋರ ಕೈ ಹಿಡಿದುಕೊಂಡಳು. "ಅಕ್ಕೋರ, ತಾಳಿ ಬ್ಯಾಡ, ಅಕ್ಕಿಕಾಳೂ ಬ್ಯಾಡ. ನಿಮ್ಮ ಮಾತು ಮೀರೂದಿಲ್ಲ. ಆದರ ಅರಿಸಿನಾ ಹಚ್ಚಿದ ಕೂಸಿನ್ನ ಬರೇ ಉಡೀಲೆ ಎಬ್ಬಸಬಾರದ್ರಿ. ಒಂದೀಟು ಉಡಿ ತುಂಬಿ ಒಳಗ ಕಳಸ್ತೇವಿ" ಎಂದಳು.

ಉಡಿ ತುಂಬುವುದು ನಮ್ಮಲ್ಲಿ ದಿನ ಬೆಳಗಾದರೆ ನಡೆಯುವ ಶಾಸ್ತ್ರ. ತವರಿನಿಂದ ಹೊರಟ ಮಗಳಿಗೆ ತುಂಬುತ್ತಾರೆ, ಬಸುರಿಗೆ ತುಂಬುತ್ತಾರೆ, ದೇವಿಗೂ ತುಂಬುತ್ತಾರೆ. ಸೆರಗಿನ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಕುಬುಸದ ಕಣ, ಎಲೆ ಅಡಿಕೆ. ಅದರಲ್ಲಿ ಬೇಡ ಎನ್ನುವಂಥದ್ದು ಏನೂ ಇಲ್ಲ. ಅಕ್ಕೋರು ಆಗಲಿ ಎಂದು ತಲೆಯಾಡಿಸಿ, ತಮ್ಮ ರೂಢಿಯಂತೆ ಅಂಗಳದ ಕಡೆ ತಿರುಗಿದರು. ಅಜ್ಜಿ ಬಿಡಲಿಲ್ಲ. "ಎಲ್ಲಿ ಹೊಂಟ್ರಿ? ನೀವ ಮೊದಲ ತುಂಬ್ರಿ. ನಿಮ್ಮಂಥಾ ಮುತ್ತೈದಿ ಕೈ ಬಿದ್ರ ನಮ್ಮ ಕೂಸು ಶಾಣ್ಯಾ ಆಗತೈತಿ."

ಉಡಿ ತುಂಬುವವರು ಗಂಡ ಇದ್ದವರೇ ಆಗಬೇಕು. ಗಂಡ ಸತ್ತವರನ್ನು ಆ ಜಾಗಕ್ಕೆ ಕರೆಯುವುದಿಲ್ಲ. ಅಕ್ಕೋರು ನನ್ನ ಕಡೆ ನೋಡಿದರು. ನಾನು ನೋಡಿದೆ. ಆ ಒಂದು ಗಳಿಗೆಯಲ್ಲಿ ಅವರು ಏನನ್ನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಬದಲಿಗೆ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು ಹುಡುಗಿಯ ಮುಂದೆ ಕೂತರು. ಹಣೆಗೆ ಕುಂಕುಮ ಹಚ್ಚಿದರು. ಬೊಗಸೆಯಲ್ಲಿ ಅಕ್ಕಿ ತೆಗೆದು ಮಡಿಲಿಗೆ ಹಾಕುವಾಗ ಒಂದಿಷ್ಟು ಕಾಳು ಚಾಪೆಯ ಮೇಲೆ ಚೆಲ್ಲಿದವು. ಯಾರೋ ತಟ್ಟೆ ಮುಂದೆ ಮಾಡಿದರು, ಅದರಿಂದ ಕಾಯಿ, ಕಣ ಎತ್ತಿ ಇಟ್ಟರು. ಹುಡುಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅಕ್ಕೋರ ಮುಖದಲ್ಲಿ ಆ ದಿನ ಕಂಡ ಬೆಳಕನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಜೀಪು ಹತ್ತಿದೆವು. ಅವರೇ, "ಕರದ್ರಲ್ಲವ್ವಾ" ಎಂದರು. "ಮೂವತ್ತೇಳು ವರ್ಷದ ಮ್ಯಾಲೆ ಒಬ್ರು ಕರದ್ರು. ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ."

ತಟ್ಟೆ ಯಾರು ಮುಂದೆ ಮಾಡಿದರು ಎಂದು ಅವರು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಅದು ಗಂಡಿನ ಸೋದರತ್ತೆ ಎಂದು ಆಮೇಲೆ ತಿಳಿಯಿತು. ಕಾಯಿ ಅವರದು, ಕಣ ಅವರದು. ಗಂಡಿನ ಮನೆಯ ಕಾಯಿ ಹುಡುಗಿಯ ಮಡಿಲಿಗೆ ಬಿದ್ದರೆ ಆ ಕಡೆಯವರ ಪದ್ಧತಿಯಲ್ಲಿ ಅದು ಪಕ್ಕಾ ನಿಶ್ಚಯ. ಹೆಣ್ಣು ಅವರದಾಯಿತು ಎಂದೇ ಅರ್ಥ, ತಾಳಿ ಯಾವಾಗ ಕಟ್ಟಿದರೂ ನಡೆಯುತ್ತದೆ. ಮದುವೆ ನಿಲ್ಲಿಸಲು ಬಂದ ಅಕ್ಕೋರ ಕೈಯಿಂದಲೇ ನಿಶ್ಚಯ ಮಾಡಿಸಿಕೊಂಡಿದ್ದರು. ಗಂಡಿನವರು ಎದ್ದು ಹೋಗದೆ ಸುಮ್ಮನೆ ಕೂತಿದ್ದದ್ದು ಅದಕ್ಕೇ.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನನ್ನು ಕೆಲವು ದಿನ ಅನಮೋಡದ ಚೆಕ್‌ಪೋಸ್ಟಿಗೆ ಹಾಕಿದರು. ಗೋವೆಗೆ ಹೋಗುವ, ಅಲ್ಲಿಂದ ಬರುವ ಗಾಡಿಗಳನ್ನು ನೋಡುತ್ತಾ ನಿಲ್ಲುವ ಕೆಲಸ. ಒಂದು ಬೆಳಗ್ಗೆ ಅಕ್ಕೋರ ಫೋನು ಬಂತು. ಏದುಸಿರು ಬಿಡುತ್ತಿದ್ದರು. ಆ ಹುಡುಗಿ ಶಾಲೆಗೆ ಬಂದಿಲ್ಲವೆಂದು ತಿಳಿದು ಮನೆಗೆ ಹೋಗಿದ್ದರಂತೆ. ಅಜ್ಜಿ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳಂತೆ. ಗಂಡಿನವರು ಕ್ರೂಸರ್ ತಂದು, ಹಬ್ಬಕ್ಕೆ ಕರೆದೊಯ್ಯುತ್ತೇವೆ ಎಂದು ಹುಡುಗಿಯನ್ನು ಕೂರಿಸಿಕೊಂಡು ಹೋಗಿದ್ದರು. ಅಪ್ಪನನ್ನು ಕೇಳಿದರೆ, "ನಾ ಮುಚ್ಚಳಿಕಿ ಮುರದೇನಿಲ್ಲರಿ. ತಾಳಿ ಕಟ್ಟಿದ್ನೇನು? ಉಡಿ ತುಂಬಿದ ಹೆಣ್ಣು ಅವರದು, ಅವರು ಒಯ್ದಾರ. ಉಡಿ ತುಂಬಿದಾಕಿ ಯಾರು? ನೀವ ಅಲ್ರಿ?" ಎಂದನಂತೆ.

"ಪೊಲೀಸವ್ವಾ, ಗಡಿ ದಾಟಿ ಹೋದ್ರ ಮುಗೀತು. ನಾ ಬರೂತನಕ ಹಿಡಕೊಂಡಿರು. ನಿನ್ನ ಕೈ ಮುಗೀತೇನಿ" ಎಂದರು. ಅವರು ನನಗೆ ಕೈ ಮುಗಿಯುವ ಮಾತಾಡಿದ್ದು ಅದೇ ಮೊದಲು.

ಕ್ರೂಸರ್ ಬಂತು. ಮುಂದೆ ಗಂಡಿನ ಕಾಕಾ, ಹಿಂದೆ ಸೋದರತ್ತೆ, ಪಕ್ಕದಲ್ಲಿ ಹುಡುಗಿ. ಹೊಸ ಸೀರೆ, ತೊಡೆಯ ಮೇಲೆ ಶಾಲೆಯ ಚೀಲ. ಒಳಗೆ ಪುಸ್ತಕವಿರಲಿಲ್ಲ, ಬಟ್ಟೆ ತುಂಬಿದ್ದರು. "ಎಲ್ಲಿಗಿ ಹೊಂಟೀಯವ್ವಾ?" ಎಂದೆ.

"ಅತ್ತಿ ಮನಿಗಿ ಹೊಂಟೇನ್ರಿ, ಹಬ್ಬಕ್ಕ."

"ವಾಪಸ್ ಯಾವಾಗ ಬರ್ತಿ?"

ಅವಳು ಸೋದರತ್ತೆಯ ಮುಖ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಗೊತ್ತಿಲ್ರಿ" ಎಂದಳು.

ಮೇಲಿನವರಿಗೆ ಫೋನು ಹಚ್ಚಿದೆ. ಅವರ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಮದುವೆಯಾಗಿದೆಯೇ? ಇಲ್ಲ. ಮಾಡುತ್ತಿದ್ದಾರೆಯೇ? ಇಲ್ಲ. ಅಪ್ಪನೇ ಕಳಿಸಿದ್ದಾನೆ, ಹುಡುಗಿ ಸಂಬಂಧಿಕರ ಜೊತೆ ಹಬ್ಬಕ್ಕೆ ಹೊರಟಿದ್ದೇನೆ ಎನ್ನುತ್ತಿದ್ದಾಳೆ. ನಿಶ್ಚಯವಾಗಿದೆ ಎಂದೆ. ನಿಶ್ಚಯಕ್ಕೆ ಯಾವ ಕಾಯ್ದೆ ಇದೆ, ಬಿಡು ಎಂದರು. ಮದುವೆಯಾಗಿದ್ದರೆ ಅಸಿಂಧು ಎನ್ನಬಹುದಿತ್ತು. ಆಗದ ಮದುವೆಯನ್ನು ಹೇಗೆ ಅಸಿಂಧು ಮಾಡುವುದು? ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು ಎಂದು ಅಕ್ಕೋರು ಆಗಲೇ ಫೋನು ಮಾಡಿದ್ದರು. ಅಲ್ಲಿಂದ ಯಾರಾದರೂ ಬರುವಷ್ಟರಲ್ಲಿ ಗಾಡಿ ಫೋಂಡಾ ಮುಟ್ಟಿರುತ್ತಿತ್ತು.

ಆದರೆ ಗಾಡಿಯ ಮೇಲೆ ಕಾಯ್ದೆ ಬೇಕಾದಷ್ಟಿತ್ತು. ಚಾಲಕನನ್ನು ಇಳಿಸಿ ಪರವಾನಿಗೆ ಕೇಳಿದೆ, ವಿಮೆ ಕೇಳಿದೆ, ಹೊಗೆಯದು ಕೇಳಿದೆ, ಸ್ಟೆಪ್ನಿ ತೋರಿಸು ಎಂದೆ, ಪ್ರಥಮ ಚಿಕಿತ್ಸೆಯ ಡಬ್ಬಿ ತೆರೆಸಿ ಹತ್ತಿ ಹಳೆಯದಾಗಿದೆ ಎಂದೆ. ಅವನು ಬೆವರುತ್ತಾ, "ಬಾಯಾರ, ಇಷ್ಟು ವರ್ಷ ಗಾಡಿ ಹೊಡದೇನಿ, ಹತ್ತಿ ಯಾರೂ ಕೇಳಿಲ್ರಿ" ಎಂದ. "ನಾ ಕೇಳ್ತೇನಿ" ಎಂದೆ. ಕಾಕಾ ಕೂಗಾಡಿದ, ಸೋದರತ್ತೆ ಶಾಪ ಹಾಕಿದಳು. ಮಧ್ಯಾಹ್ನ ಇಳಿಯುವವರೆಗೆ ಜಗ್ಗಿದೆ. ಇನ್ನು ಹಿಡಿದಿಡಲು ನೆಪವೇ ಇಲ್ಲ ಎನ್ನುವಷ್ಟರಲ್ಲಿ ರಾಮನಗರದ ಕಡೆಯಿಂದ ಬಂದ ಒಂದು ಲಾರಿ ನಿಂತಿತು. ಕ್ಯಾಬಿನ್ನಿನಿಂದ ಅಕ್ಕೋರು ಇಳಿದರು. ಇಳಿದವರೇ ರಸ್ತೆಯ ಬದಿಗೆ ಹೋಗಿ ವಾಂತಿ ಮಾಡಿಕೊಂಡು, ನನ್ನ ಕೈಯಿಂದ ನೀರು ತೆಗೆದುಕೊಂಡು ಮುಖ ತೊಳೆದರು.

"ಕೂಸಿನ್ನ ಇಳಸ್ರಿ" ಎಂದರು.

ಸೋದರತ್ತೆ ಇದನ್ನೇ ಕಾಯುತ್ತಿದ್ದಳು. "ಯಾಕ್ರಿ ಇಳಸಬೇಕು? ನೀವ ಉಡಿ ತುಂಬಿ ಕೊಟ್ಟೀರಿ, ಊರ ಮಂದೆಲ್ಲಾ ನೋಡ್ಯಾರ. ಸರ್ಕಾರದ ಅಕ್ಕೋರ ಕೈಲೆ ಆದ ನಿಶ್ಚಯ ನಮ್ಮದು. ನೀವ ಕೊಟ್ಟು ನೀವ ಕಸ್ಕೊಂತೀರೇನು?" ಅಷ್ಟು ಹೊತ್ತಿಗೆ ಚಹಾದ ಅಂಗಡಿಯವರು, ಲಾರಿಯವರು, ಚೆಕ್‌ಪೋಸ್ಟಿನ ನಮ್ಮವರು ಎಲ್ಲ ಸುತ್ತ ನೆರೆದಿದ್ದರು.

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡರು. "ಖರೆ. ನಾನ ತುಂಬಿದ್ನಿ" ಎಂದರು. "ಆದರ ನೀವು ನನ್ನ ಒಂದು ಮಾತು ಕೇಳಲಿಲ್ಲ. ನನಗ ಗಂಡ ಇಲ್ಲ. ಸತ್ತು ಮೂವತ್ತೇಳು ವರ್ಷ ಆತು. ಗಂಡ ಸತ್ತಾಕಿ ತುಂಬಿದ ಉಡಿ ನಿಮ್ಮ ಪದ್ಧತ್ಯಾಗ ನಡೀತೈತೇನು? ನಡೀತೈತಿ ಅಂದ್ರ ಕೂಸಿನ್ನ ಒಯ್ರಿ."

ಸೋದರತ್ತೆ ಮೊದಲು ನಂಬಲಿಲ್ಲ, ಅವರ ಬೊಟ್ಟು ನೋಡಿದಳು, ಬಳೆ ನೋಡಿದಳು. ಅಕ್ಕೋರು ಎಡಗೈ ಹೆಬ್ಬೆರಳಿನಿಂದ ಹಣೆಯ ಬೊಟ್ಟನ್ನು ಒರೆಸಿಬಿಟ್ಟರು. "ಬೇಕಾದ್ರ ಮುಂಡಗೋಡದಾಗ ಕೇಳ್ರಿ" ಎಂದರು.

ಸೋದರತ್ತೆಯ ಮುಖ ಕಪ್ಪಿಟ್ಟಿತು. ಎದೆ ಬಡಿದುಕೊಂಡಳು. "ಅಯ್ಯ ಶಿವನ! ರಂಡಿಮುಂಡಿ ಕೈಲೆ ನಮ್ಮ ಹುಡುಗನ ಕಾಯಿ ತುಂಬಸ್ಯಾರಲ್ಲೋ! ನಮ್ಮ ಮನಿ ಹಾಳಾಗಾಕ ಕುಂತಿತ್ತಲ್ಲೋ!" ಎಂದು ಬೊಬ್ಬೆ ಹಾಕಿದಳು. ಅಂಥ ಮಾತುಗಳನ್ನು ನಾನು ಠಾಣೆಯಲ್ಲಿ ದಿನಾ ಕೇಳಿದ್ದೇನೆ. ಆ ದಿನ ಮಾತ್ರ ಲಾಠಿ ಎತ್ತಿಬಿಡುತ್ತೇನೆ ಅನ್ನಿಸಿತು. ಕಾಕಾ, "ಹೋಗಲಿ ಬಿಡು, ಮನಿಗಿ ಹೋಗಿ ಮತ್ತೊಮ್ಮೆ ತುಂಬಿದ್ರಾತು" ಎಂದು ಗೊಣಗಿದ. "ಏನ್ ತುಂಬತೀ? ಅಪಶಕುನಾ ಆಗಿ ಹೋತು! ಈ ಹೆಣ್ಣು ನಮ್ಮ ಮನಿಗಿ ಬ್ಯಾಡ" ಎಂದು ಸೋದರತ್ತೆ ತಾನೇ ಹುಡುಗಿಯ ಚೀಲ ಎತ್ತಿ ರಸ್ತೆಗೆ ಎಸೆದಳು. ಹುಡುಗಿ ಇಳಿದಳು. ಕ್ರೂಸರ್ ಗೋವೆಯ ಕಡೆ ಹೋಯಿತು.

ಅಕ್ಕೋರು ಚೀಲ ಎತ್ತಿ ಮಣ್ಣು ಜಾಡಿಸಿದರು. ಹುಡುಗಿಗೆ ಚಹಾದ ಅಂಗಡಿಯಲ್ಲಿ ಬನ್ನು ಕೊಡಿಸಿದರು. ಅವಳು ತಿನ್ನುವುದನ್ನು ನೋಡುತ್ತಾ ನನಗೆ, "ಸುದ್ದಿ ಎಲ್ಲಾ ಕಡೆ ಹೋಗತೈತಿ. ಎರಡ್ಮೂರು ವರ್ಷ ಈ ಕೂಸಿನ್ನ ಕೇಳಾಕ ಯಾರೂ ಬರೂದಿಲ್ಲ. ನನಗ ಅಷ್ಟ ಬೇಕು" ಎಂದರು.

"ನಿಮ್ಮದು?" ಎಂದೆ.

"ನಂದೇನೈತಿ" ಎಂದರು. ಹಣೆ ಬೋಳಾಗಿತ್ತು.

ಸುದ್ದಿ ಹೋಯಿತು. ಅದರ ಬೆಲೆ ಏನೆಂದು ಆಮೇಲಿನ ವರ್ಷಗಳಲ್ಲಿ ನಾನು ಪಕ್ಕದಲ್ಲಿ ನಿಂತು ನೋಡಿದೆ. ಮೊದಲು ಒಲೆಯ ಮುಂದೆ ಮಣೆ ಹಾಕುತ್ತಿದ್ದ ಮನೆಗಳಲ್ಲಿ ಈಗ ಅಂಗಳದಲ್ಲಿ ಕುರ್ಚಿ ಹಾಕಿದರು. ಅಕ್ಕೋರು ಬಂದರೆ ಹೊಸ ಸೊಸೆಯಂದಿರನ್ನು ಒಳಗೆ ಕರೆದುಕೊಂಡರು. ಯಾರೂ ಜಗಳ ಮಾಡಲಿಲ್ಲ, ಎಲ್ಲರೂ ರೀ ಹಚ್ಚಿಯೇ ಮಾತಾಡಿದರು. ಒಂದು ಮನೆಯಲ್ಲಿ ಅವರು ಹೊಸ್ತಿಲ ಮೇಲೆ ಕಾಲಿಟ್ಟಾಗ ಯಜಮಾನಿತಿ, "ಇವತ್ತ ಶುಭಕಾರ್ಯ ಐತ್ರಿ, ನಾಳೆ ಬರ್ರಲ್ಲ" ಎಂದಳು. ಅದು ಅವರು ಒಮ್ಮೆ ಹುಗ್ಗಿ ಉಂಡ ಮನೆ. ನನ್ನ ರಕ್ತ ಕುದಿಯಿತು. ಅಕ್ಕೋರು, "ಆತವ್ವಾ, ನಾಳೆ ಬರ್ತೇನಿ" ಎಂದು ಹೊರಳಿದರು. ಮರುದಿನ ಹೋದರು ಕೂಡ. ನಿವೃತ್ತಿಯಾಗುವವರೆಗೂ ಮದುವೆ ನಿಲ್ಲಿಸಿದರು, ನಿಲ್ಲಿಸಿದ ಕಡೆ ಉಂಡರು. ಪಂಕ್ತಿಯ ಮೊದಲ ಜಾಗದಲ್ಲಿ ಕೂರುವುದನ್ನು ಮಾತ್ರ ಬಿಟ್ಟರು. ಬೊಟ್ಟನ್ನು ಮತ್ತೆ ಇಟ್ಟುಕೊಳ್ಳಲಿಲ್ಲ. ಇಟ್ಟುಕೊಳ್ಳಿ ಎಂದು ನಾನು ಎಷ್ಟು ಜಗಳಾಡಿದರೂ, "ಈಗ ಗೊತ್ತಾಗೇತಲ್ಲ, ಇನ್ನ ಯಾಕ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆ ಹುಡುಗಿ ಹತ್ತನೇ ಇಯತ್ತೆ ಪಾಸಾದಳು. ಅಕ್ಕೋರು ಹೇಳಿದಂತೆಯೇ ಅವಳನ್ನು ಕೇಳಲು ಯಾರೂ ಬರಲಿಲ್ಲ, ಅಪ್ಪ ಬೇರೆ ದಾರಿ ಕಾಣದೆ ಮುಂದೆ ಓದಿಸಿದ. ಈಗ ದಾಂಡೇಲಿಯ ಬಂಗೂರನಗರದಲ್ಲಿ ಕಾಲೇಜಿನ ಕೊನೆಯ ವರ್ಷ. ಅವರು ಹೋದ ದಿನ ನಾನು ಹಳಿಯಾಳದ ಅಕ್ಕೋರ ಮನೆ ಮುಟ್ಟಿದಾಗ ಅವಳು ನನಗಿಂತ ಮೊದಲೇ ಬಂದಿದ್ದಳು. ಅಳುತ್ತಾ ನಿಂತಿರಲಿಲ್ಲ. ಬಂದವರಿಗೆ ನೀರು ಕೊಡುತ್ತಾ, ಮುಂಡಗೋಡದಿಂದ ಬರಬೇಕಾದ ಅಕ್ಕೋರ ಅಣ್ಣನಿಗೆ ಫೋನು ಹಚ್ಚುತ್ತಾ ಓಡಾಡುತ್ತಿದ್ದಳು. ನನ್ನನ್ನು ಕಂಡು, "ನೀವು ಉಂಡೀರೇನ್ರಿ?" ಎಂದು ಕೇಳಿದಳು.

ಅಕ್ಕೋರ ಜೊತೆ ನಾನು ಕೊನೆಯ ಸಲ ಮಾತಾಡಿದ್ದು ಅದಕ್ಕೆ ಕೆಲವು ವಾರ ಮೊದಲು. ಸಣ್ಣ ಹುಡುಗಿಯರ ನಿಶ್ಚಯ ಮಾಡುವುದನ್ನೂ ಅಪರಾಧ ಎಂದು ಕಾಯ್ದೆಗೆ ಸೇರಿಸಲು ರಾಜ್ಯ ಸರ್ಕಾರ ಹೊರಟಿದೆ ಎಂದು ಪತ್ರಿಕೆಯಲ್ಲಿ ಓದಿ, ತಡೆಯಲಾರದೆ ಫೋನು ಮಾಡಿದೆ. "ಅಕ್ಕೋರ, ಕೇಳ್ರಿ ಇಲ್ಲೆ. ಇನ್ನ ನಿಶ್ಚಯಕ್ಕೂ ಕಾಯ್ದೆ ಬರತೈತಂತ!" ಎಂದೆ.

"ಇನ್ನೊಮ್ಮೆ ಓದು" ಎಂದರು. ಓದಿದೆ.

"ಛಲೋ ಆತವ್ವಾ" ಎಂದರು. "ಲಗೂನ ಬರಲಿ. ಬಂತಂದ್ರ, ನನ್ನ ಜಾಗಾದಾಗ ಬಂದಾಕಿ ಕಾಯ್ದೆ ಹೆಸರು ಹೇಳಿದ್ರ ಸಾಕು, ಗಾಡಿ ನಿಂದರತೈತಿ. ನಾಕು ಮಂದಿ ಮುಂದ ರಸ್ತೇದಾಗ ನಿಂತು ತನ್ನ ಹಣಿ ತಾನ ಒರಸ್ಕೊಳ್ಳೋದು ಆಕಿಗಿ ತಪ್ಪತೈತಿ."

ಆಮೇಲೆ ಅತ್ತ ಕಡೆಯಿಂದ ಮಾತು ಬರಲಿಲ್ಲ. ಫೋನು ಕಡಿಯಿತೇನೋ ಎಂದುಕೊಂಡು, ಅಕ್ಕೋರ, ಅಕ್ಕೋರ ಎಂದೆ. ಕಡಿದಿರಲಿಲ್ಲ. ಅಕ್ಕೋರು ಅಳುತ್ತಿದ್ದರು.